ಕಥೆಯ ಕತ್ತಿಗೂ ಇದೆ ಮಾರುಕಟ್ಟೆ

ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ದರ್ಜಿ ಇವೆಲ್ಲ ನಮಗೆ ಗೊತ್ತಿರುವ ಹೆಸರುಗಳು. ಅದೇ ಪಟ್ಟಿಯಲ್ಲಿ ಶಸ್ತ್ರ ತಯಾರಕರಿಗೂ ಜಾಗವಿದೆ. ಡ್ರೋನ್, ಕ್ಷಿಪಣಿಗಳಿಂದ ಯುದ್ಧ ನಡೆಯುವ ಈ ಕಾಲದಲ್ಲಿ ಸುತ್ತಿಗೆ ಹಿಡಿದು ಕತ್ತಿ ಬಡಿಯುವವರಿಗೆ ಗಿರಾಕಿ ಯಾರು?

ಗಿರಾಕಿಗಳಿದ್ದಾರೆ. ಸೇನೆಗಳ ಪರೇಡ್‌ಗೆ ಬೇಕಾಗುವ ಕತ್ತಿಗಳನ್ನು ಬಿಟ್ಟರೆ ಉಳಿದ ಬೇಡಿಕೆ ಬರುವುದು ಕಥೆಗಳಿಂದ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ನೋಡಿ ಬೆಳೆದವರು, ‘ಗೇಮ್ ಆಫ್ ಥ್ರೋನ್ಸ್’ ಅಭಿಮಾನಿಗಳು, ‘ಎಲ್ಡನ್ ರಿಂಗ್’ನಂಥ ಗೇಮ್‌ಗಳಲ್ಲಿ ರಾತ್ರಿ ಕಳೆಯುವವರು, ತಾವೇ ಬರೆದ ಕಾದಂಬರಿಯ ನಾಯಕನಿಗೆ ಕತ್ತಿಯೊಂದು ಬೇಕು ಎನ್ನುವವರು. ಯಾವ ಇತಿಹಾಸದಲ್ಲೂ ಇರದ ರಾಜ್ಯಗಳಿಗೆ ಕತ್ತಿ ಮಾಡಿಕೊಡುವ ಈ ಕಸುಬನ್ನು ಇಂಗ್ಲಿಷ್‌ನಲ್ಲಿ ‘ಕಸ್ಟಮ್ ಫ್ಯಾಂಟಸಿ ಸೋರ್ಡ್ ಮೇಕಿಂಗ್’ ಎನ್ನುತ್ತಾರೆ. ನ್ಯೂಜಿಲೆಂಡ್, ಅಮೆರಿಕ, ಬ್ರಿಟನ್, ಜಪಾನ್, ಚೀನಾ ಮಾತ್ರವಲ್ಲ, ನಮ್ಮ ಡೆಹ್ರಾಡೂನ್ ಕೂಡ ಈ ನಕ್ಷೆಯಲ್ಲಿದೆ.

ಇದು ವಿಚಿತ್ರ ಹವ್ಯಾಸದ ಸುದ್ದಿಯಾಗಿ ಓದಿ ಮರೆಯುವಂಥದ್ದಲ್ಲ. ಕೈಕಸುಬು, ಸಿನಿಮಾ, ಗೇಮಿಂಗ್, ಕಾನೂನು, ಆಮದು ಸುಂಕ ಎಲ್ಲವೂ ಒಂದೇ ವಸ್ತುವಿನಲ್ಲಿ ಕೂಡುವ ಕ್ಷೇತ್ರವಿದು. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಇದರಲ್ಲಿ ತಿಳಿಯಬೇಕಾದದ್ದು ಒಂದೇ: ದುಡ್ಡು ಸುತ್ತಿಗೆಯ ಏಟಿಗೆ ಎಷ್ಟು, ಕಥೆಗೆ ಎಷ್ಟು, ಹೆಸರಿಗೆ ಎಷ್ಟು ಹಂಚಿಕೆಯಾಗುತ್ತದೆ ಎಂಬುದು.

ಸಿನಿಮಾ ಹಚ್ಚಿದ ಕುಲುಮೆ

ಈ ಬೇಡಿಕೆಗೆ ದೊಡ್ಡ ತಿರುವು ಕೊಟ್ಟದ್ದು 2001ರಿಂದ 2003ರವರೆಗೆ ಬಂದ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಸರಣಿ. ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್‌ನಲ್ಲಿರುವ ವೆಟಾ ವರ್ಕ್‌ಶಾಪ್ ಅದಕ್ಕೆ ಬೇಕಾದ ಆಯುಧಗಳನ್ನೂ ಕವಚಗಳನ್ನೂ ತಯಾರಿಸಿತು. ರಿಚರ್ಡ್ ಟೇಲರ್ ಮತ್ತು ಟಾನಿಯಾ ರಾಡ್ಜರ್ ದಂಪತಿ ಕಟ್ಟಿದ ಸಂಸ್ಥೆ ಅದು. ಅಲ್ಲಿನ ಕತ್ತಿ ತಯಾರಕ ಪೀಟರ್ ಲಯನ್ ಅವರ ಹೆಸರು ಈ ಕಸುಬಿನವರಿಗೆಲ್ಲ ಗೊತ್ತು.

ಅವರ ಕೆಲಸದ ಕ್ರಮವೇ ಒಂದು ಪಾಠ. ಒಂದೇ ಕತ್ತಿಗೆ ಹಲವು ಅವತಾರಗಳಿದ್ದವು. ಕ್ಯಾಮೆರಾ ಹತ್ತಿರ ಬಂದಾಗ ನಟನ ಕೈಯಲ್ಲಿರುವುದು ಸ್ಪ್ರಿಂಗ್ ಉಕ್ಕಿನ ನಿಜವಾದ ಕತ್ತಿ. ಹೊಡೆದಾಟದ ದೃಶ್ಯಕ್ಕೆ ಅಲ್ಯೂಮಿನಿಯಂನ ಹಗುರ ಕತ್ತಿ. ಬೀಳುವ, ಕುದುರೆ ಓಡಿಸುವ, ಗುಂಪಿನಲ್ಲಿ ನುಗ್ಗುವ ದೃಶ್ಯಗಳಿಗೆ ರಬ್ಬರಿನ ಕತ್ತಿ. ಪ್ರೇಕ್ಷಕರಿಗೆ ಕಂಡದ್ದು ಒಂದು, ಕೆಲಸಗಾರರು ಮಾಡಿದ್ದು ಮೂರು. ಲೋಹ ಬಡಿಯುವವರ ಜೊತೆಗೆ ಅಚ್ಚು ಎರೆಯುವವರು, ಬಣ್ಣ ಹಚ್ಚುವವರು, ಚರ್ಮದ ಕೆಲಸದವರು, ಚಿತ್ರ ಬರೆಯುವವರು ಎಲ್ಲರಿಗೂ ಅಲ್ಲಿ ಕೆಲಸ ಸಿಕ್ಕಿತು.

ಚಿತ್ರ ಬಂದ ಮೇಲೆ ಅಭಿಮಾನಿಗಳು ಅದೇ ಕತ್ತಿ ಬೇಕು ಎಂದರು. ಪ್ರತಿಕೃತಿ ಮಾಡುವ ಪರವಾನಗಿ ಪಡೆದ ಅಮೆರಿಕದ ಯುನೈಟೆಡ್ ಕಟ್ಲರಿ ಗೋಡೆಗೆ ತೂಗುಹಾಕುವ ಕತ್ತಿಗಳನ್ನು ಮಾರಿತು. 2011ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಬಂದ ಮೇಲೆ ಈ ಮಾರುಕಟ್ಟೆ ಇನ್ನೂ ಹಿಗ್ಗಿತು. 2013ರಲ್ಲಿ ‘ಮ್ಯಾನ್ ಅಟ್ ಆರ್ಮ್ಸ್’ ಎಂಬ ಯೂಟ್ಯೂಬ್ ಸರಣಿಯಲ್ಲಿ ಟೋನಿ ಸ್ವಾಟನ್ ಎಂಬ ಅಮೆರಿಕದ ಕಮ್ಮಾರ ಗೇಮ್ ಮತ್ತು ಸಿನಿಮಾಗಳ ಆಯುಧಗಳನ್ನು ನಿಜವಾದ ಉಕ್ಕಿನಲ್ಲಿ ಮಾಡಿ ತೋರಿಸತೊಡಗಿದರು. 2015ರಲ್ಲಿ ಹಿಸ್ಟರಿ ಚಾನೆಲ್ ‘ಫೋರ್ಜ್ಡ್ ಇನ್ ಫೈರ್’ ಎಂಬ ಸ್ಪರ್ಧೆ ಆರಂಭಿಸಿತು. ಅಡುಗೆ ಸ್ಪರ್ಧೆ ನೋಡುವಂತೆ ಜನ ಕಮ್ಮಾರರ ಸ್ಪರ್ಧೆ ನೋಡಿದರು. ಕುಲುಮೆ ಎಂದೂ ಕಂಡಿರದ ನಗರದ ಹುಡುಗರು ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಹೂಡಿದರು.

ಜಪಾನಿನ ಕಥೆ ಇನ್ನೂ ಕುತೂಹಲಕಾರಿ. 2015ರ ಜನವರಿಯಲ್ಲಿ ಅಲ್ಲಿ ‘ಟೋಕೆನ್ ರಾನ್ಬು’ ಎಂಬ ಗೇಮ್ ಬಂತು. ಇತಿಹಾಸದ ಪ್ರಸಿದ್ಧ ಕತ್ತಿಗಳೇ ಅದರಲ್ಲಿ ಸುಂದರ ಯುವಕರ ರೂಪದಲ್ಲಿ ಬರುತ್ತವೆ. ಅದನ್ನು ಆಡಿದ ಯುವತಿಯರು ಕತ್ತಿ ಪ್ರದರ್ಶನಗಳಿಗೆ ದಂಡುಗಟ್ಟಿ ಹೋದರು. ಎರಡನೇ ಮಹಾಯುದ್ಧದ ಬಳಿಕ ಕಳೆದುಹೋಗಿದ್ದ ‘ಹೊಟಾರುಮಾರು’ ಎಂಬ ಕತ್ತಿಯನ್ನು ಹೊಸದಾಗಿ ಮಾಡಲು ಕಮ್ಮಾರರು ಸಾರ್ವಜನಿಕರಿಂದ ವಂತಿಗೆ ಕೇಳಿದಾಗ, ಕೇಳಿದ್ದಕ್ಕಿಂತ ಹಲವು ಪಟ್ಟು ಹಣ ಬಂತು. ಮ್ಯೂಸಿಯಂಗೆ ಕಾಲಿಡದಿದ್ದ ಪೀಳಿಗೆಯನ್ನು ಅಲ್ಲಿಗೆ ಕರೆತಂದದ್ದು ಮೊಬೈಲು, ಕಂಪ್ಯೂಟರಿನ ಆಟ.

‘ಪರಂಪರೆ ಉಳಿಸಿ’ ಎಂಬ ಭಾಷಣ ನಮ್ಮಲ್ಲಿ ಸಾಕಷ್ಟು ಕೇಳಿಸುತ್ತದೆ. ಜಪಾನಿನಲ್ಲಿ ಕಸುಬಿಗೆ ಹೊಸ ಉಸಿರು ಬಂದದ್ದು ಭಾಷಣದಿಂದಲ್ಲ. ಇಂದಿನ ಯುವಜನ ಇಷ್ಟಪಡುವ ಕಥೆಯೊಂದು ಹಳೆಯ ವಸ್ತುವಿಗೆ ಅಂಟಿಕೊಂಡಿತು. ಆರ್ಡರ್ ಅದರ ಹಿಂದೆಯೇ ಬಂತು.

ಕಾಗದದಿಂದ ಉಕ್ಕಿಗೆ

ಈ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂದು ತಿಳಿದರೆ ಬೆಲೆಯ ಗುಟ್ಟೂ ತಿಳಿಯುತ್ತದೆ. ಗಿರಾಕಿ ತರುವುದು ಒಂದು ಚಿತ್ರ. ಗೇಮ್‌ನಲ್ಲಿ ಕತ್ತಿ ಆಳೆತ್ತರ ಇರಬಹುದು, ಅಲಗು ಅಂಗೈಗಿಂತ ಅಗಲ ಇರಬಹುದು, ಮುಳ್ಳು, ರೆಕ್ಕೆ, ರತ್ನ ಎಲ್ಲ ಇರಬಹುದು. ಪರದೆಯ ಮೇಲೆ ತೂಕ ಎಂಬುದೇ ಇಲ್ಲ. 1997ರ ‘ಫೈನಲ್ ಫ್ಯಾಂಟಸಿ 7’ ಗೇಮ್‌ನ ನಾಯಕ ಕ್ಲೌಡ್ ಹಿಡಿಯುವ ಕತ್ತಿ ಬಾಗಿಲಿನ ಹಲಗೆಯಷ್ಟು ದೊಡ್ಡದು. ಅದನ್ನು ಅದೇ ಅಳತೆಯ ಉಕ್ಕಿನಲ್ಲಿ ಮಾಡಿದರೆ ಎತ್ತುವುದೇ ಕಷ್ಟ, ಬೀಸುವ ಮಾತು ದೂರ. ಆದರೆ ಯುರೋಪಿನ ಮಧ್ಯಯುಗದ ಎರಡು ಕೈ ಕತ್ತಿಗಳಲ್ಲಿ ಹೆಚ್ಚಿನವು ಒಂದರಿಂದ ಒಂದೂವರೆ ಕಿಲೊ ಆಸುಪಾಸಿನಲ್ಲೇ ಇದ್ದವು. ಹಾಗಾಗಿ ತಯಾರಕನ ಮೊದಲ ಕೆಲಸ ಬಡಿಯುವುದಲ್ಲ, ಗಿರಾಕಿಯ ಜೊತೆ ಕೂತು ಚಿತ್ರವನ್ನು ತಿದ್ದುವುದು. ಎಲ್ಲಿ ತೆಳುವಾಗಬೇಕು, ಎಲ್ಲಿ ಪೊಳ್ಳು ಬಿಡಬೇಕು, ಯಾವ ಮುಳ್ಳು ಹಿಡಿದವನ ಕೈಗೇ ಚುಚ್ಚುತ್ತದೆ ಎಂದು ಆತ ಹೇಳಬೇಕು.

ಆಮೇಲೆ ಉಕ್ಕಿನ ಆಯ್ಕೆ. 1075, 1095 ಮುಂತಾದ ಸಂಖ್ಯೆಗಳಿಂದ ಕರೆಯುವ ಇಂಗಾಲದ ಉಕ್ಕು ಅಥವಾ 5160 ಎಂಬ ಸ್ಪ್ರಿಂಗ್ ಉಕ್ಕು ಸಾಮಾನ್ಯ. ಸ್ಪ್ರಿಂಗ್ ಉಕ್ಕು ಎಂದರೆ ಲಾರಿಯ ಪ್ಲೇಟುಗಳಲ್ಲಿ ಇರುವ ಜಾತಿಯದೇ. ನಮ್ಮ ಹಳ್ಳಿಯ ಕಮ್ಮಾರರು ಹಳೆಯ ಲಾರಿ ಪ್ಲೇಟು ಕಡಿದು ಮಚ್ಚು ಮಾಡುವುದು ಇದೇ ಕಾರಣಕ್ಕೆ: ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಥಳಥಳಿಸುವ ಸ್ಟೇನ್‌ಲೆಸ್ ಸ್ಟೀಲ್ ಕತ್ತಿಗಳು ಗೋಡೆಗೆ ಚೆಂದ. ಅಷ್ಟು ಉದ್ದದ ಅಲಗಿಗೆ ಪೆಟ್ಟು ಬಿದ್ದರೆ ಮುರಿದು ಹಾರುವ ಅಪಾಯ ಹೆಚ್ಚು.

ಅಲಗಿನ ಉದ್ದಕ್ಕೂ ತೆಗೆಯುವ ತೋಡನ್ನು ರಕ್ತ ಹರಿಯಲು ಎಂದು ಅನೇಕರು ಹೇಳುವುದುಂಟು. ಅದು ಇರುವುದು ತೂಕ ಇಳಿಸಲು. ‘ಐ’ ಆಕಾರದ ಕಬ್ಬಿಣದ ತೊಲೆಯಲ್ಲಿ ನಡುಭಾಗ ತೆಳುವಾಗಿದ್ದರೂ ಬಲ ಉಳಿಯುವಂತೆ ಇಲ್ಲೂ ಬಿಗಿ ಉಳಿದು ಭಾರ ಕಡಿಮೆಯಾಗುತ್ತದೆ. ಹಿಡಿಯ ತುದಿಯಲ್ಲಿರುವ ಗುಂಡು ಬರೀ ಅಲಂಕಾರವಲ್ಲ. ತಕ್ಕಡಿಯ ಬಟ್ಟಿನಂತೆ ತೂಕವನ್ನು ಕೈಯ ಹತ್ತಿರಕ್ಕೆ ತರುತ್ತದೆ.

ಕತ್ತಿಯ ಭವಿಷ್ಯ ನಿರ್ಧಾರವಾಗುವುದು ಹದ ಹಾಕುವಾಗ. ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕಾಯಿಸುತ್ತಾರೆ. 770 ಡಿಗ್ರಿ ಸಮೀಪದಲ್ಲಿ ಅದು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಪಿಯುಸಿಯಲ್ಲಿ ಓದಿದ ಕ್ಯೂರಿ ತಾಪಮಾನ ಇದೇ. ಮೀಟರ್ ಇಲ್ಲದ ಕಮ್ಮಾರ ಅಯಸ್ಕಾಂತದ ತುಂಡೊಂದನ್ನು ತಂತಿಗೆ ಕಟ್ಟಿಕೊಂಡು ಪರೀಕ್ಷಿಸುತ್ತಾನೆ. ನಂತರ ಅಲಗನ್ನು ಎಣ್ಣೆಯಲ್ಲಿ ಮುಳುಗಿಸಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯಬಲ್ಲದು. ಆದ್ದರಿಂದ ಕಡಿಮೆ ಶಾಖದಲ್ಲಿ ಮತ್ತೆ ಗಂಟೆಗಟ್ಟಲೆ ಕಾಯಿಸಿ ಗಡಸುತನವನ್ನು ಸ್ವಲ್ಪ ಇಳಿಸುತ್ತಾರೆ. ಎಣ್ಣೆಯಲ್ಲಿ ಅದ್ದುವ ಆ ಕೆಲವು ಸೆಕೆಂಡುಗಳಲ್ಲಿ ಅಲಗು ಸೊಟ್ಟಗಾದರೆ ಅಥವಾ ಸೀಳು ಬಿಟ್ಟರೆ ಅಲ್ಲಿಯವರೆಗಿನ ದಿನಗಳ ದುಡಿಮೆ ಗುಜರಿ.

ಅಲಗಿನ ಬುಡ ಹಿಡಿಯೊಳಗೆ ಹೇಗೆ ಹೋಗಿದೆ ಎಂಬುದು ಇನ್ನೊಂದು ಪರೀಕ್ಷೆ. ಅಗ್ಗದ ಕತ್ತಿಯಲ್ಲಿ ತೆಳುವಾದ ಸರಳೊಂದನ್ನು ವೆಲ್ಡ್ ಮಾಡಿರುತ್ತಾರೆ. ಜೋರಾಗಿ ಬೀಸಿದರೆ ಅಲಗು ಕಳಚಿ ಹಾರುತ್ತದೆ. ಒಳ್ಳೆಯ ಕತ್ತಿಯಲ್ಲಿ ಅಲಗು ಮತ್ತು ಬುಡ ಒಂದೇ ಉಕ್ಕಿನ ತುಂಡು. ಹಿಡಿ ಹಾಕಿದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಅಂದರೆ ಗಿರಾಕಿ ದುಡ್ಡು ಕೊಡುವುದು ಕಣ್ಣಿಗೆ ಕಾಣದ ಕೆಲಸಕ್ಕೆ. ಅದನ್ನು ನಂಬಿಸಲು ಇಂದಿನ ತಯಾರಕರು ಪ್ರತಿ ಹಂತದ ಫೋಟೊ, ವಿಡಿಯೊ ತೆಗೆದು ಗಿರಾಕಿಗೆ ಕಳುಹಿಸುತ್ತಾರೆ. ಕೈಚಳಕದಷ್ಟೇ ಮುಖ್ಯವಾದ ಕೌಶಲವಿದು.

ಡೆಹ್ರಾಡೂನ್ ದಾರಿ

ಭಾರತದಲ್ಲಿ ಈ ಕ್ಷೇತ್ರದ ದೊಡ್ಡ ಹೆಸರು ಡೆಹ್ರಾಡೂನ್‌ನ ವಿಂಡ್‌ಲಾಸ್ ಸ್ಟೀಲ್‌ಕ್ರಾಫ್ಟ್ಸ್. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಗೂರ್ಖಾ ಸೈನಿಕರಿಗೆ ಖುಕುರಿ ಮಾಡಿಕೊಡುವ ಕೆಲಸದಿಂದ ಆರಂಭವಾದ ಸಂಸ್ಥೆ ಅದು. ಯುದ್ಧ ಮುಗಿದರೆ ಆರ್ಡರೂ ಮುಗಿಯುತ್ತದೆ. ಆದರೆ ಅದು ಮುಚ್ಚಲಿಲ್ಲ. ವಿವಿಧ ದೇಶಗಳ ಸೇನೆಗಳಿಗೆ ಪರೇಡ್ ಕತ್ತಿ, ಇತಿಹಾಸದ ಕತ್ತಿಗಳ ಪ್ರತಿಕೃತಿ, ಸಿನಿಮಾ ಮತ್ತು ಗೇಮ್‌ಗಳ ಆಯುಧ ಹೀಗೆ ಹೊರಳುತ್ತಾ ಬಂತು. ಈಗ ಜಗತ್ತಿನ ದೊಡ್ಡ ಕತ್ತಿ ತಯಾರಕರಲ್ಲಿ ಅದೂ ಒಂದು.

ಇಲ್ಲಿ ಗಮನಿಸಬೇಕಾದದ್ದು ಕಾರ್ಖಾನೆಯ ಗಾತ್ರವಲ್ಲ, ಇನ್ನೊಂದು ಹೆಜ್ಜೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದ್ದ ಅಟ್ಲಾಂಟಾ ಕಟ್ಲರಿ ಮತ್ತು ಮ್ಯೂಸಿಯಂ ರೆಪ್ಲಿಕಾಸ್ ಎಂಬ ಮಾರಾಟ ಸಂಸ್ಥೆಗಳನ್ನು ವಿಂಡ್‌ಲಾಸ್ ತನ್ನದಾಗಿಸಿಕೊಂಡಿತು. ಅಲ್ಲಿಯ ಗಿರಾಕಿ ಯಾವ ಕತ್ತಿ ಕೇಳುತ್ತಾನೆ, ಎಷ್ಟು ಕೊಡುತ್ತಾನೆ ಎಂಬ ಮಾಹಿತಿ ನೇರವಾಗಿ ಡೆಹ್ರಾಡೂನ್‌ಗೆ ಬರತೊಡಗಿತು. ಬೇರೆಯವರ ಹೆಸರಿನಲ್ಲಿ ಮಾಲು ಮಾಡಿಕೊಡುವ ಕಾರ್ಖಾನೆಗೂ ಗಿರಾಕಿಯನ್ನು ತಾನೇ ಬಲ್ಲ ಕಾರ್ಖಾನೆಗೂ ಇರುವ ವ್ಯತ್ಯಾಸ ಇದು. ನಮ್ಮ ದೇಶದ ಬಹುಪಾಲು ಕೈಕಸುಬು ಇನ್ನೂ ಮೊದಲ ಗುಂಪಿನಲ್ಲೇ ಇದೆ.

ಬೆಲೆಯ ಏಣಿಯನ್ನು ನೋಡಿ. ಕಾರ್ಖಾನೆಯಲ್ಲಿ ನೂರಾರು ಸಂಖ್ಯೆಯಲ್ಲಿ ಆಗುವ ಕತ್ತಿ ಕೆಲವು ನೂರು ಡಾಲರಿಗೆ ಮಾರಾಟವಾಗುತ್ತದೆ. ಹೆಸರಾಂತ ತಯಾರಕನೊಬ್ಬ ಒಬ್ಬ ಗಿರಾಕಿಗಾಗಿ ಮಾಡುವ ಒಂಟಿ ಕತ್ತಿ ಸಾವಿರಾರು ಡಾಲರ್ ತರುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಉಕ್ಕಿನ ಖರ್ಚಿನಲ್ಲಿ ಅಂಥ ಅಂತರವಿಲ್ಲ. ಅಂತರ ಇರುವುದು ವಿನ್ಯಾಸದಲ್ಲಿ, ಹದದ ಮೇಲಿನ ನಂಬಿಕೆಯಲ್ಲಿ, ಮಾಡಿದವನ ಹೆಸರಿನಲ್ಲಿ.

ಇಲ್ಲಿ ಒಂದು ಎಚ್ಚರ ಬೇಕು. ಸಿನಿಮಾ ಅಥವಾ ಗೇಮ್‌ನ ಕತ್ತಿಯ ವಿನ್ಯಾಸ ಆ ಸಂಸ್ಥೆಯ ಸೊತ್ತು. ಪರವಾನಗಿ ಇಲ್ಲದೆ ನಕಲು ಮಾಡಿ ಮಾರಿದರೆ ಕಾನೂನಿನ ತೊಡಕು ಖಚಿತ. ಅದರಿಂದಲೇ ಒಳ್ಳೆಯ ತಯಾರಕರು ಸ್ವಂತ ವಿನ್ಯಾಸಕ್ಕೆ ಬೆಲೆ ಕೊಡುತ್ತಾರೆ. ನಮ್ಮಲ್ಲಿ 2000ದ ವಿನ್ಯಾಸ ಕಾಯ್ದೆ ಇದೆ. ಅದರಡಿ ನೋಂದಾಯಿಸಿದ ಹೊಸ ವಿನ್ಯಾಸಕ್ಕೆ 10 ವರ್ಷ, ವಿಸ್ತರಿಸಿಕೊಂಡರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಎಂಜಿನಿಯರಿಂಗ್, ಚಿತ್ರಕಲೆ ಓದಿದವರೂ ಈ ಕಾಯ್ದೆಯ ಹೆಸರು ಕೇಳಿರುವುದು ಕಡಿಮೆ.

ಕಾನೂನಿನ ಅಲಗು

ಎಷ್ಟೇ ಕಲೆ ಎಂದರೂ ಕತ್ತಿ ಕತ್ತಿಯೇ. ನಮ್ಮ ಊರುಗಳಲ್ಲಿ ತಲ್ವಾರ್‌ನಿಂದ ಕೇಕ್ ಕತ್ತರಿಸಿ, ರೀಲ್ಸ್ ಮಾಡಿ ಪೊಲೀಸ್ ಠಾಣೆ ಸೇರಿದ ಯುವಕರ ಸುದ್ದಿಗೆ ಕೊರತೆಯಿಲ್ಲ. ಹಾಗಾಗಿ ಈ ಕಸುಬಿಗೆ ಇಳಿಯುವವರು ಕುಲುಮೆಗಿಂತ ಮೊದಲು ಕಾನೂನನ್ನು ತಿಳಿಯಬೇಕು.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಜಾರಿಯಲ್ಲಿವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಕತ್ತಿ, ಕಠಾರಿ, ಭರ್ಜಿಗಳು ನಿಯಮಗಳ ಐದನೇ ವರ್ಗದಲ್ಲಿ ಬರುತ್ತವೆ. ಮನೆಬಳಕೆ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಉದ್ದೇಶದ ಸಲಕರಣೆಗಳಿಗೆ ಇದರಿಂದ ವಿನಾಯಿತಿ ಇದೆ. ಕುಡುಗೋಲು ಮಾಡುವ ಕಮ್ಮಾರನಿಗೆ ತೊಂದರೆ ಇಲ್ಲದಿರುವುದು ಅದಕ್ಕೇ. ಕಾಯ್ದೆಯ 4ನೇ ಸೆಕ್ಷನ್ ಅಧಿಸೂಚಿತ ಪ್ರದೇಶಗಳಲ್ಲಿ ಇಂಥ ಆಯುಧ ಇಟ್ಟುಕೊಳ್ಳುವ ಬಗ್ಗೆ, 5ನೇ ಸೆಕ್ಷನ್ ತಯಾರಿಕೆ ಮತ್ತು ಮಾರಾಟದ ಪರವಾನಗಿ ಬಗ್ಗೆ ಹೇಳುತ್ತವೆ. ಒಂದು ಕತ್ತಿ ಮಾಡುವ ಮೊದಲೇ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಉತ್ತರ ಪಡೆಯುವುದು ಬುದ್ಧಿವಂತಿಕೆ. ‘ಯೂಟ್ಯೂಬ್‌ನಲ್ಲಿ ಎಲ್ಲರೂ ಮಾಡುತ್ತಾರೆ’ ಎಂಬುದು ಯಾವ ಠಾಣೆಯಲ್ಲೂ ನಡೆಯುವ ವಾದವಲ್ಲ.

ಬ್ರಿಟನ್‌ನಲ್ಲಿ ಕಾನೂನು ಇನ್ನಷ್ಟು ಬಿಗಿಯಾಗುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಸೆಪ್ಟೆಂಬರ್ 24ರಿಂದ ‘ಜಾಂಬಿ’ ಶೈಲಿಯ ಚಾಕು, ಮಚ್ಚುಗಳಿಗೆ ನಿಷೇಧ ಬಂತು. 2025ರ ಆಗಸ್ಟ್ 1ರಿಂದ ‘ನಿಂಜಾ ಕತ್ತಿ’ಗಳೂ ನಿಷಿದ್ಧ. ಬೀದಿಗಳಲ್ಲಿ ಯುವಕರ ಜೀವ ಹೋಗುತ್ತಿದ್ದುದೇ ಇದಕ್ಕೆ ಕಾರಣ. ಈ ಎರಡೂ ಹೆಸರುಗಳು ಬಂದದ್ದು ಸಿನಿಮಾ ಮತ್ತು ಗೇಮ್‌ಗಳ ಲೋಕದಿಂದ ಎಂಬುದನ್ನು ಮರೆಯುವಂತಿಲ್ಲ. ಅಂದರೆ ಅಗ್ಗದ ಫ್ಯಾಂಟಸಿ ಆಯುಧ ಕೆಟ್ಟ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಕಸುಬಿನವರೂ ಉತ್ತರ ಕೊಡಬೇಕು.

ಆದರೆ ಅದೇ ದೇಶದ ಇನ್ನೊಂದು ನಿಯಮ ಗಮನಾರ್ಹ. 2008ರಲ್ಲಿ 50 ಸೆಂಟಿಮೀಟರ್ ಹಾಗೂ ಅದಕ್ಕಿಂತ ಉದ್ದದ ಬಾಗಿದ ಅಲಗಿನ ಕತ್ತಿಗಳ ಮಾರಾಟಕ್ಕೆ ಕಡಿವಾಣ ಹಾಕಿದಾಗ, ಸಾಂಪ್ರದಾಯಿಕ ವಿಧಾನದಲ್ಲಿ ಕೈಯಿಂದ ಮಾಡಿದ ಕತ್ತಿಗಳಿಗೆ ವಿನಾಯಿತಿಗೆ ಅವಕಾಶ ಕೊಟ್ಟರು. ಜಪಾನ್ ಮತ್ತೊಂದು ದಾರಿ ಹಿಡಿದಿದೆ. ಪರವಾನಗಿ ಪಡೆದ ಗುರುವಿನ ಬಳಿ ಐದು ವರ್ಷ ಶಿಷ್ಯವೃತ್ತಿ ಮಾಡಿ, ಸರ್ಕಾರದ ಪರೀಕ್ಷೆಯಲ್ಲಿ ಪಾಸಾದವರಷ್ಟೇ ಅಲ್ಲಿ ಕತ್ತಿ ತಯಾರಕರು. ಅವರೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವಂತಿಲ್ಲ. ಸಂಖ್ಯೆಗೆ ಮಿತಿ ಹಾಕಿದ್ದರಿಂದ ಗುಣಮಟ್ಟ ಉಳಿಯಿತು, ಆಯುಧ ಬೀದಿಗೆ ಬರಲಿಲ್ಲ. ನಮ್ಮಲ್ಲಿ ಒಂದು ಇಲಾಖೆ ಶಸ್ತ್ರ ತಯಾರಕನಿಗೆ ಸಾಲ ಕೊಡುತ್ತದೆ, ಇನ್ನೊಂದು ಇಲಾಖೆ ಅವನನ್ನು ಅನುಮಾನದಿಂದ ನೋಡುತ್ತದೆ. ನಡುವೆ ತರಬೇತಿ, ಪರೀಕ್ಷೆ, ಗುರುತಿನ ಮುದ್ರೆ ಎಂಬ ಸೇತುವೆ ಕಟ್ಟುವ ಕೆಲಸ ಆಗಬೇಕಿದೆ.

ಒಂದೇ ಬುಟ್ಟಿಯ ಅಪಾಯ

ಈ ಮಾರುಕಟ್ಟೆಯ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟ್ ಅಂತ್ಯದಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಹೇರಿತು. ಅದೇ ವಾರ, 800 ಡಾಲರ್‌ವರೆಗಿನ ಸಣ್ಣ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿಯನ್ನೂ ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಕ್ಟೋಬರ್ ಮಧ್ಯದವರೆಗೆ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್‌ಗಳನ್ನು ಸ್ವೀಕರಿಸಲೇ ಇಲ್ಲ. ದೊಡ್ಡ ಕಾರ್ಖಾನೆ ಕಂಟೇನರ್‌ಗಳಲ್ಲಿ ಮಾಲು ಕಳುಹಿಸುತ್ತದೆ, ಹೇಗೋ ತಾಳಿಕೊಳ್ಳುತ್ತದೆ. ಆದರೆ ಕೈಯಲ್ಲಿ ಮಾಡಿದ ಒಂದೊಂದೇ ವಸ್ತುವನ್ನು ಒಬ್ಬೊಬ್ಬ ಗಿರಾಕಿಗೆ ಕಳುಹಿಸುವ ಸಣ್ಣ ಕುಶಲಕರ್ಮಿಗೆ ಆ ವಿನಾಯಿತಿಯೇ ಬಾಗಿಲಾಗಿತ್ತು. ಸುಂಕದ ಪ್ರಮಾಣ ಬದಲಾಗಬಹುದು. ಒಂದೇ ದೇಶದ ಗಿರಾಕಿಗಳನ್ನು ನಂಬಿ ಕಸುಬು ಕಟ್ಟಿದರೆ ಒಂದು ಆದೇಶದಿಂದ ಕುಲುಮೆ ಆರಬಹುದು ಎಂಬ ಪಾಠ ಉಳಿಯುತ್ತದೆ. ದೇಶದೊಳಗಿನ ಬೇಡಿಕೆ ಬೆಳೆಯಬೇಕು ಎನ್ನುವುದು ಇದಕ್ಕೇ.

ಉಕ್ಕು ನಮ್ಮದು, ಹೆಸರು?

ಈಗ ನಮ್ಮ ರಾಜ್ಯದ ಮಾತು. ಫ್ಯಾಂಟಸಿ ಲೋಕದ ಮಾಂತ್ರಿಕ ಉಕ್ಕುಗಳಲ್ಲಿ ನೀರಿನ ಅಲೆಯಂಥ ಗೆರೆಗಳು ಕಾಣುತ್ತವೆ. ‘ಗೇಮ್ ಆಫ್ ಥ್ರೋನ್ಸ್’ನ ವಲೇರಿಯನ್ ಉಕ್ಕು ಅದಕ್ಕೆ ಪ್ರಸಿದ್ಧ ಉದಾಹರಣೆ. ಅದು ನಿಜ ಜಗತ್ತಿನ ಡಮಾಸ್ಕಸ್ ಉಕ್ಕಿನ ನೆರಳು. ಡಮಾಸ್ಕಸ್ ಕತ್ತಿಗಳ ಕಚ್ಚಾವಸ್ತುವಾಗಿ ಹೆಸರಾದದ್ದು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿದ ‘ವೂಟ್ಜ್’. ಆ ಪದ ನಮ್ಮ ‘ಉಕ್ಕು’ ಶಬ್ದದಿಂದ ಬಂದದ್ದು ಎಂಬುದು ವಿದ್ವಾಂಸರಲ್ಲಿ ವ್ಯಾಪಕವಾಗಿ ಒಪ್ಪಿತ. 1795ರಲ್ಲಿ ಲಂಡನ್‌ನ ವಿಜ್ಞಾನಿಗಳು ಅದರ ಮೇಲೆ ಪ್ರಬಂಧ ಬರೆದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕು ತಯಾರಿಕೆಯನ್ನು ದಾಖಲಿಸಿದ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಹಳೆಯ ಮೂಸೆಗಳ ಅವಶೇಷ ಸಿಕ್ಕಿವೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ.

ಇಂದು ಮಾರುಕಟ್ಟೆಯಲ್ಲಿ ‘ಡಮಾಸ್ಕಸ್’ ಎಂದು ಮಾರಾಟವಾಗುವುದು ಹೆಚ್ಚಾಗಿ ಬೇರೆ ವಿಧಾನದ್ದು. ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಪದರ ಪದರವಾಗಿ ಬೆಸೆದು, ಮಡಚಿ ಬಡಿದು, ಆಮೇಲೆ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದುತ್ತಾರೆ. ಒಂದು ಪದರ ಕಪ್ಪಾಗಿ, ನಿಕಲ್ ಇರುವ ಪದರ ಬೆಳ್ಳಗೆ ಉಳಿದು ಗೆರೆ ಮೂಡುತ್ತದೆ. ಹೆಸರು ಸಿರಿಯಾದ ನಗರದ್ದು, ವಿಧಾನ ಬೇರೆ ಕಡೆಯದು. ಮೂಲ ಉಕ್ಕಿಗೆ ಹೆಸರು ಕೊಟ್ಟ ಭಾಷೆಯ ನಾಡಿನಲ್ಲಿ ಅದನ್ನು ಮಾಡಿ ಮಾರುವ ಪ್ರಸಿದ್ಧ ಮುದ್ರೆಯೊಂದೂ ಇಲ್ಲ.

ಕಥೆಗೆ ಎಷ್ಟು ಬೆಲೆ ಎಂಬುದಕ್ಕೆ ನಮ್ಮದೇ ಸಾಕ್ಷಿ ಇದೆ. ಟಿಪ್ಪು ಸುಲ್ತಾನನ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್‌ನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯಿತು. ಅದು ಉಕ್ಕಿನ ಬೆಲೆಯಲ್ಲ. ಹಿಡಿದವನ ಕಥೆಯ ಬೆಲೆ.

ಬೇಡಿಕೆ ಇಲ್ಲೂ ಹುಟ್ಟುತ್ತಿದೆ. ‘ಬಾಹುಬಲಿ’ಯ ಮಾಹಿಷ್ಮತಿ ಕಲ್ಪಿತ ರಾಜ್ಯ, ಕಲಾ ನಿರ್ದೇಶಕ ಸಾಬು ಸಿರಿಲ್ ತಂಡ ಅದಕ್ಕಾಗಿ ಆಯುಧಗಳನ್ನೇ ಹೊಸದಾಗಿ ಕಲ್ಪಿಸಿತು. 2025ರ ಅಕ್ಟೋಬರ್‌ನಲ್ಲಿ ಬಂದ ‘ಕಾಂತಾರ ಅಧ್ಯಾಯ 1’ ನಮ್ಮ ಕಾಡು, ದೈವ, ಅರಸರ ಲೋಕವನ್ನು ದೊಡ್ಡ ಪರದೆಗೆ ತಂದಿತು. ಬೆಂಗಳೂರಿನ ಕಾಮಿಕ್ ಕಾನ್‌ಗಳಲ್ಲಿ ಕಾಸ್‌ಪ್ಲೇ ವೇಷ ಹಾಕುವ ಯುವಜನರ ಸಂಖ್ಯೆ ಕಡಿಮೆಯೇನಿಲ್ಲ. ಅಂಥ ಜಾಗಗಳಿಗೆ ನಿಜವಾದ ಕತ್ತಿಗೆ ಪ್ರವೇಶವಿಲ್ಲ. ಫೋಮ್, ರೆಸಿನ್, 3ಡಿ ಪ್ರಿಂಟರ್‌ನಲ್ಲಿ ಮಾಡಿದವೇ ಬೇಕು. ಅಲಗಿನ ಭಯವಿಲ್ಲದ, ಪರವಾನಗಿಯ ತಲೆನೋವೂ ಕಡಿಮೆ ಇರುವ ಈ ಕೆಲಸ ಕಲಿಕೆಗೆ ಒಳ್ಳೆಯ ಮೊದಲ ಮೆಟ್ಟಿಲು. ಕೊಡಗಿನ ಪೀಚೆಕತ್ತಿ, ಒಡಿಕತ್ತಿಗಳ ಆಕಾರ, ವೀರಗಲ್ಲುಗಳ ಮೇಲಿನ ಕತ್ತಿ ಗುರಾಣಿಗಳು, ಯಕ್ಷಗಾನದ ಆಯುಧಗಳು ಇವೆಲ್ಲ ಹೊಸ ವಿನ್ಯಾಸಕ್ಕೆ ಮುಗಿಯದ ಮೂಲ. ಯುರೋಪಿನ ಡ್ರ್ಯಾಗನ್ ಕತ್ತಿಯನ್ನು ನಕಲು ಮಾಡುವವರು ಸಾವಿರ ಜನ ಇದ್ದಾರೆ; ಹೊಯ್ಸಳ ಶಿಲ್ಪದ ಶಾರ್ದೂಲವನ್ನು ಹಿಡಿಯಾಗಿ ಕೂರಿಸಬಲ್ಲವರು ಎಷ್ಟು ಜನ?

ಕಲಿಯಲು ದಾರಿಗಳೂ ಇವೆ. ಪಿಎಂ ವಿಶ್ವಕರ್ಮದಲ್ಲಿ ತರಬೇತಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಸಾಂಪ್ರದಾಯಿಕ ಕಸುಬು ಮಾಡುತ್ತಿರುವವರಿಗಷ್ಟೇ ಇದು ಅನ್ವಯ. ಉಳಿದವರಿಗೆ ರಾಜ್ಯದ ಜಿಟಿಟಿಸಿ ಕೇಂದ್ರಗಳಿವೆ. ಟೂಲ್ ಅಂಡ್ ಡೈ ತಯಾರಿಕೆ, ಸಿಎನ್‌ಸಿ ಯಂತ್ರಗಳ ಕೆಲಸ ಅಲ್ಲಿ ಕಲಿಯಬಹುದು. ರಾಜ್ಯ ಸರ್ಕಾರ ಅನಿಮೇಷನ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ 2024–29ರ ನೀತಿ ರೂಪಿಸಿದೆ. ಆದರೆ ಗೇಮ್ ಬರೆಯುವವನೂ ಲೋಹ ಬಡಿಯುವವನೂ ಒಂದೇ ಕೋಣೆಯಲ್ಲಿ ಕೂರುವ ವ್ಯವಸ್ಥೆ ಕಾಣುವುದಿಲ್ಲ. ಕಂಪ್ಯೂಟರ್ ಪರದೆಯ ಕತ್ತಿಗೆ ಒಂದು ಇಲಾಖೆ, ಕುಲುಮೆಯ ಕತ್ತಿಗೆ ಇನ್ನೊಂದು ಇಲಾಖೆ.

ಉತ್ಪ್ರೇಕ್ಷೆ ಬೇಡ. ಕತ್ತಿ ತಯಾರಿಕೆ ಸಾವಿರಾರು ಪದವೀಧರರಿಗೆ ಉದ್ಯೋಗ ಕೊಡುವ ಉದ್ಯಮ ಅಲ್ಲ. ವಿದೇಶದಲ್ಲೂ ಅನೇಕರು ಬೇರೆ ಕೆಲಸ ಮಾಡುತ್ತಾ ಬಿಡುವಿನಲ್ಲಿ ಕುಲುಮೆ ಹಚ್ಚುತ್ತಾರೆ. ಕೈ ಸುಡುತ್ತದೆ, ಸಾಣೆಯ ದೂಳು ಪುಪ್ಪುಸಕ್ಕೆ ಹೋಗುತ್ತದೆ, ಮೊದಲ ಹತ್ತಾರು ಅಲಗುಗಳು ಹಾಳಾಗುತ್ತವೆ. ಆದರೆ ಈ ಕೆಲಸದಲ್ಲಿ ಕೂಡುವ ಕೌಶಲಗಳು ಬೇರೆಡೆಯೂ ಬೆಲೆ ತರುತ್ತವೆ. ಹದ ಹಾಕಲು ಕಲಿತವನಿಗೆ ಡೈ ತಯಾರಿಕೆಯಲ್ಲಿ, ಅಡುಗೆ ಚಾಕು, ತೋಟದ ಸಲಕರಣೆಗಳ ಕೆಲಸದಲ್ಲಿ ಜಾಗವಿದೆ. ಆಯುಧದ ವಿನ್ಯಾಸ ಬಲ್ಲವಳಿಗೆ ಸಿನಿಮಾದ ಕಲಾ ವಿಭಾಗ, ಗೇಮ್ ಸ್ಟುಡಿಯೊಗಳಿವೆ. ಗಿರಾಕಿಯ ಜೊತೆ ಪತ್ರವ್ಯವಹಾರ, ಸುಂಕದ ಲೆಕ್ಕ, ವಿನ್ಯಾಸದ ನೋಂದಣಿ ಬಲ್ಲವರು ಯಾವ ಕೈಕಸುಬಿಗಾದರೂ ಬೇಕು.

ನಮ್ಮ ಊರಿನ ಕಮ್ಮಾರರ ಮಕ್ಕಳು ಇಂದು ಕುಲುಮೆ ಬಿಟ್ಟು ಬೈಕ್ ಏರಿ ಊಟದ ಪಾರ್ಸೆಲ್ ತಲುಪಿಸುತ್ತಿದ್ದರೆ ಅವರನ್ನು ದೂರುವಂತಿಲ್ಲ. ನೇಗಿಲಿನ ಕುಳ ಬಡಿದರೆ ಸಿಗುವ ಕೂಲಿಯಲ್ಲಿ ಮನೆ ನಡೆಯುವುದಿಲ್ಲ. ಅದೇ ಸುತ್ತಿಗೆ, ಅದೇ ಹದ, ಅದೇ ಲಾರಿ ಪ್ಲೇಟಿನ ಜಾತಿಯ ಉಕ್ಕು ವೆಲ್ಲಿಂಗ್ಟನ್‌ನಲ್ಲಿ ನೂರು ಪಟ್ಟು ಬೆಲೆ ತಂದದ್ದು ಅಲ್ಲಿ ಕಥೆ ಬರೆಯುವವರು, ಚಿತ್ರ ಬಿಡಿಸುವವರು, ಲೆಕ್ಕ ನೋಡುವವರು ಕಮ್ಮಾರನ ಪಕ್ಕದಲ್ಲಿ ನಿಂತದ್ದರಿಂದ. ನಮ್ಮಲ್ಲಿ ಕಮ್ಮಾರ ಇನ್ನೂ ಒಂಟಿಯಾಗಿದ್ದಾನೆ. ಕಾಲೇಜು ಓದಿದ ನಮ್ಮ ಕೆಲಸ ಅವನಿಗೆ ಕಸುಬು ಕಲಿಸುವುದಲ್ಲ. ಅದು ಅವನಿಗೆ ಗೊತ್ತಿದೆ. ಅವನ ಬಳಿ ಇಲ್ಲದ ಉಳಿದ ಮೂರನ್ನು ನಾವು ತರಬಹುದು: ಚಿತ್ರ, ಕಾಗದಪತ್ರ ಮತ್ತು ಗಿರಾಕಿ.